ಅಕ್ವೇರಿಯಂ ಮೀನಿನ ಆಹಾರ: ಅಳತೆ ಮತ್ತು ಪೋಲು

ಮನೆ, ಅಂಗಡಿ, ಕಚೇರಿಗಳ ಗಾಜಿನ ತೊಟ್ಟಿಯಲ್ಲಿ ಸಾಕುವ ಅಲಂಕಾರಿಕ ಮೀನುಗಳಿಗೆ ಏನನ್ನು, ಎಷ್ಟು, ಯಾವಾಗ ಹಾಕಬೇಕು ಎಂಬುದು ಅಕ್ವೇರಿಯಂ ನಿರ್ವಹಣೆಯ ಮುಖ್ಯ ಭಾಗ. ನೀರು ಬದಲಿಸುವುದು, ಫಿಲ್ಟರ್ ತೊಳೆಯುವುದು, ಪಾಚಿ ಕೆರೆಯುವುದು ಬಹುಮಟ್ಟಿಗೆ ಇದರ ಬೆನ್ನಿಗೇ ಬರುವ ಕೆಲಸಗಳು. ಕೆರೆ ಹೊಳೆಗಳಲ್ಲಿ ಒಂದು ಮೀನು ಬಿಟ್ಟದ್ದನ್ನು ಇನ್ನೊಂದು ಜೀವಿ ತಿನ್ನುತ್ತದೆ, ಇಲ್ಲವೇ ನೀರಿನ ಹರಿವು ಕೊಂಡೊಯ್ಯುತ್ತದೆ. ತೊಟ್ಟಿಗೆ ಅಂಥ ಹೊರದಾರಿ ಇಲ್ಲ. ಡಬ್ಬಿಯಿಂದ ಒಳಗೆ ಬಿದ್ದದ್ದರ ಬಹುಪಾಲು ಮೀನಿನ ಮೈಯಾಗಿ, ನೀರಲ್ಲಿ ಕರಗಿದ ಲವಣವಾಗಿ, ಪಾಚಿಯಾಗಿ, ತಳದ ಕೆಸರಾಗಿ ಅಲ್ಲೇ ಇರುತ್ತದೆ. ಸಾಕುವವರು ಬಕೆಟ್ಟಿನಲ್ಲಿ ಹೊತ್ತು ಚೆಲ್ಲುವ ತನಕ. ಆದ್ದರಿಂದ ಇಲ್ಲಿ ಪೋಲು ಎಂದರೆ ತಿನ್ನದೆ ಮಿಕ್ಕದ್ದು ಮಾತ್ರವಲ್ಲ, ಬೇಕಿಲ್ಲದಿದ್ದರೂ ಮೀನು ತಿಂದದ್ದೂ ಪೋಲೇ.

ಒಂದು ಗ್ರಾಂ ಆಹಾರದ ಲೆಕ್ಕ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ನಮ್ಮಲ್ಲಿ ಸಾಮಾನ್ಯ. ಕಲ್ಲು, ಮರಳು ಕಳೆದರೆ ಅದರಲ್ಲಿ ಹಿಡಿಯುವುದು ಸುಮಾರು 50 ಲೀಟರ್ ನೀರು. ಅದಕ್ಕೆ ಶೇ. 40ರಷ್ಟು ಪ್ರೋಟೀನಿರುವ ಒಣ ಆಹಾರ ಒಂದು ಗ್ರಾಂ ಬಿತ್ತು ಎನ್ನೋಣ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಸಾರಜನಕ. ಅಂದರೆ ಆ ಒಂದು ಗ್ರಾಂನಲ್ಲಿ 64 ಮಿಲಿಗ್ರಾಂ ಸಾರಜನಕ ಇದೆ. ಯಾವ ಮೀನೂ ಮುಟ್ಟದೆ ಅದು ಪೂರ್ತಿ ಕೊಳೆತರೆ ಲೀಟರಿಗೆ 1.28 ಮಿಲಿಗ್ರಾಂ ಅಮೋನಿಯ ಸಾರಜನಕ ಸೇರಿದಂತಾಯಿತು. ಮೀನು ಪೂರ್ತಿ ತಿಂದರೂ ಲೆಕ್ಕ ಸೊನ್ನೆಯಾಗುವುದಿಲ್ಲ. ಮೀನು ಸಾಕಣೆಯವರು ಬಳಸುವ ಅಂದಾಜಿನಂತೆ, ತಿನ್ನಿಸಿದ ಪ್ರೋಟೀನಿನ ತೂಕದ ಶೇ. 9ಕ್ಕೆ ತುಸು ಮೇಲ್ಪಟ್ಟು ಅಮೋನಿಯ ಸಾರಜನಕವಾಗಿ ನೀರಿಗೆ ಮರಳುತ್ತದೆ. ನಮ್ಮ ಒಂದು ಗ್ರಾಂಗೆ ಅದು 37 ಮಿಲಿಗ್ರಾಂ, ಲೀಟರಿಗೆ 0.74. ಮಿಕ್ಕ ಚೂರುಗಳನ್ನು ಎತ್ತಿಬಿಟ್ಟರೆ ಎಷ್ಟು ಹಾಕಿದರೂ ನಡೆಯುತ್ತದೆ ಎಂಬ ನಂಬಿಕೆ ನಿಲ್ಲದಿರುವುದು ಇಲ್ಲೇ. ಮೀನು ಈ ಅಮೋನಿಯವನ್ನು ಮುಖ್ಯವಾಗಿ ಹೊರಬಿಡುವುದು ಮಲದ ಮೂಲಕ ಅಲ್ಲ, ಕಿವಿರುಗಳ ಮೂಲಕ. ಕಣ್ಣಿಗೆ ಕಾಣುವುದಿಲ್ಲ, ಸೈಫನ್ ಪೈಪಿಗೂ ಸಿಗುವುದಿಲ್ಲ.

ಇಷ್ಟು ಅಮೋನಿಯ ಎಷ್ಟು ಕೆಡುಕು ಮಾಡುತ್ತದೆ ಎಂಬುದು ನೀರಿನ ಗುಣವನ್ನು ಅವಲಂಬಿಸಿದೆ. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಅಷ್ಟಾಗಿ ತೊಂದರೆ ಕೊಡದ ಅಮೋನಿಯಂ ಅಯಾನು, ಮತ್ತು ಕಿವಿರನ್ನು ಸುಲಭವಾಗಿ ದಾಟುವ ವಿಷಕಾರಿ ಮುಕ್ತ ಅಮೋನಿಯ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ಮುಕ್ತ ರೂಪದ ಪಾಲು ಶೇ. 0.6ರಷ್ಟು ಮಾತ್ರ, ಪಿಎಚ್ 8 ಆದರೆ ಶೇ. 5ನ್ನು ತುಸು ಮೀರುತ್ತದೆ. ಅದೇ ಆಹಾರ, ಅದೇ ತಪ್ಪು, ಆದರೆ ವಿಷ ಸುಮಾರು ಒಂಬತ್ತು ಪಟ್ಟು. ಬಯಲುಸೀಮೆಯ, ಸಾಮಾನ್ಯವಾಗಿ ಪಿಎಚ್ ಹೆಚ್ಚಿರುವ ಗಡಸು ಬೋರ್‌ವೆಲ್ ನೀರಿನಲ್ಲಿ ಮೀನು ಸಾಕುವವರಿಗೆ ಮಲೆನಾಡಿನ ಮೆದು ನೀರಿನವರಿಗಿಂತ ಕೈಬಿಗಿ ಹೆಚ್ಚು ಬೇಕಾಗುವುದು ಇದರಿಂದ.

ಪಳಗಿದ ತೊಟ್ಟಿಯಲ್ಲಿ ಈ ಅಮೋನಿಯ ನಿಲ್ಲುವುದಿಲ್ಲ. ಫಿಲ್ಟರಿನ ಸ್ಪಂಜು, ಮರಳು, ಗಾಜಿನ ಮೇಲೆಲ್ಲ ಅಂಟಿಕೊಂಡ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಮಣ್ಣಿನಲ್ಲಿ ನಡೆಯುವ ಈ ಎರಡು ಹಂತದ ಕೆಲಸವನ್ನು ರಷ್ಯದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬಿಡಿಸಿ ತೋರಿಸಿದ. ಹಳೆಯ ಅಕ್ವೇರಿಯಂ ಪುಸ್ತಕಗಳು ಎರಡನೆಯ ಹಂತಕ್ಕೆ ನೈಟ್ರೊಬ್ಯಾಕ್ಟರ್ ಹೆಸರು ಹೇಳುತ್ತಿದ್ದವು. 1990ರ ದಶಕದ ಕೊನೆಯ ಸಂಶೋಧನೆಗಳಲ್ಲಿ ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸವನ್ನು ಮುಖ್ಯವಾಗಿ ಮಾಡುವುದು ನೈಟ್ರೊಸ್ಪೈರ ಎಂದು ಗೊತ್ತಾಯಿತು. 2015ರಲ್ಲಿ ಎರಡೂ ಹಂತಗಳನ್ನು ಒಬ್ಬಂಟಿಯಾಗಿ ಮುಗಿಸುವ ನೈಟ್ರೊಸ್ಪೈರಗಳು ಪತ್ತೆಯಾದವು. ಸಾಕುವವರಿಗೆ ಮುಖ್ಯವಾದ ಸಂಗತಿ ಇಷ್ಟು: ಈ ಬ್ಯಾಕ್ಟೀರಿಯಗಳು ನಿಧಾನವಾಗಿ ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮಕ್ಕಳು ಹೊಸ ಮೀನಿಗೆ ದಿನಕ್ಕೆ ಐದಾರು ಸಲ ಆಹಾರ ಹಾಕುವುದೂ ಸರಿಯಾಗಿ ಅದೇ ವಾರಗಳಲ್ಲಿ. ‘ತಂದ ಮೀನು ಬದುಕಲೇ ಇಲ್ಲ’ ಎಂಬ ದೂರಿನಲ್ಲಿ ಅಂಗಡಿಯವನ ಪಾಲಿಗಿಂತ ಈ ಹೊಂದಿಕೆಯ ಪಾಲು ದೊಡ್ಡದಿರಬಹುದು.

ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಆದರೆ ಅದೂ, ಆಹಾರದೊಂದಿಗೆ ಬರುವ ರಂಜಕವೂ ಪಾಚಿಗೆ ಗೊಬ್ಬರ. ಗಾಜು ವಾರಕ್ಕೊಮ್ಮೆ ಹಸಿರಾಗುತ್ತಿದ್ದರೆ ಬೆಳಕಿನ ಜೊತೆಗೆ ಡಬ್ಬಿಯ ಕಡೆಗೂ ನೋಡಬೇಕು.

ಹಿನ್ನೆಲೆ

ಗಾಜಿನ ತೊಟ್ಟಿಯಲ್ಲಿ ಜೀವಿಗಳನ್ನು ಲೆಕ್ಕಾಚಾರದಿಂದ ಬಾಳಿಸಬಹುದೆಂದು ತೋರಿಸಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೊದಲಿಗರಲ್ಲೊಬ್ಬ. ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯ ಗಿಡಗಳನ್ನು ಒಟ್ಟಿಗೆ ಇಟ್ಟ ಪ್ರಯೋಗವನ್ನು ಆತ 1850ರಲ್ಲಿ ವರದಿ ಮಾಡಿದ. ಕೊಳೆತ ಎಲೆಗಳಿಂದ ನೀರು ಕೆಟ್ಟಾಗ ಅವನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ‘ದಿ ಅಕ್ವೇರಿಯಂ’ ಪುಸ್ತಕ ಬಂದು ಹವ್ಯಾಸ ಮನೆಮನೆಗೆ ಹಬ್ಬಿತು. ಗಿಡ, ಮೀನು, ಬಸವನಹುಳು ಸೇರಿದರೆ ತೊಟ್ಟಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ‘ಸಮತೋಲದ ತೊಟ್ಟಿ’ಯ ಕಲ್ಪನೆ ಬಹುಕಾಲ ಉಳಿಯಿತು. ದಿನವೂ ಹೊರಗಿನಿಂದ ಆಹಾರ ಬೀಳುವ ತೊಟ್ಟಿ ತಾನಾಗಿ ಸಮತೂಗುವುದು ಹೇಗೆ ಎಂಬ ಪ್ರಶ್ನೆಯನ್ನು ಹೆಚ್ಚು ಜನ ಕೇಳಿಕೊಳ್ಳಲಿಲ್ಲ.

ಒಣ ಆಹಾರದ ಚರಿತ್ರೆಯಲ್ಲಿ ದೊಡ್ಡ ತಿರುವು 1950ರ ದಶಕದ್ದು. ಜರ್ಮನಿಯ ಉಲ್ರಿಚ್ ಬೇನ್ಶ್ ಟೆಟ್ರಾಮಿನ್ ಹೆಸರಿನಲ್ಲಿ ಚಕ್ಕೆ ರೂಪದ ಆಹಾರವನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರಾಟಕ್ಕೆ ತಂದ. ಅಲ್ಲಿಯವರೆಗೆ ಹುಳು, ನೀರುಚಿಗಟ ಹುಡುಕಿ ತರಬೇಕಿತ್ತು. ಆ ಶ್ರಮವೇ ಒಂದು ಕಡಿವಾಣವಾಗಿತ್ತು. ಡಬ್ಬಿ ಬಂದ ಮೇಲೆ ಅದು ಕಳಚಿತು.

ಕರ್ನಾಟಕದಲ್ಲಿ ಮೀನಿಗೆ ತಿನ್ನಿಸುವ ರೂಢಿ ಗಾಜಿನ ತೊಟ್ಟಿಗಿಂತ ಹಳೆಯದು. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ದಡದಲ್ಲಿ ದೇವರ ಮೀನುಗಳಿಗೆ ಭಕ್ತರು ಮಂಡಕ್ಕಿ ಎರಚುತ್ತಾರೆ. ಅಲ್ಲಿ ಹರಿಯುವ ನೀರಿದೆ, ಮೊಳಕೈಯುದ್ದದ ಮೀನುಗಳಿವೆ. ಅದೇ ಕೈ ಮನೆಗೆ ಬಂದು 50 ಲೀಟರಿನ ತೊಟ್ಟಿಗೆ ಮಂಡಕ್ಕಿ, ಬ್ರೆಡ್ಡು, ಬಿಸ್ಕತ್ತು ಹಾಕಿದಾಗ ಪಿಷ್ಟ ಉಬ್ಬಿ, ಹಿಟ್ಟಾಗಿ, ರಾತ್ರಿಯೊಳಗೆ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಅದು ಹಿಟ್ಟಿನ ಬಣ್ಣ ಮಾತ್ರವಲ್ಲ, ಅದನ್ನು ತಿಂದು ಹೆಚ್ಚಿದ ಬ್ಯಾಕ್ಟೀರಿಯಗಳದ್ದು. ಅವು ನೀರಿನ ಆಮ್ಲಜನಕವನ್ನೂ ಬಳಸಿಕೊಳ್ಳುವುದರಿಂದ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ.

ಬಾಯಿ, ಗಂಟಲು, ಹೊಟ್ಟೆ

ಯಾವ ಆಹಾರ ಪೋಲಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಬಹಳಷ್ಟು ಮಟ್ಟಿಗೆ ಮೀನಿನ ಬಾಯಿಯೇ ಹೇಳುತ್ತದೆ. ಗಪ್ಪಿ, ಮೊಲ್ಲಿ, ಫೈಟರ್‌ಗಳ ಬಾಯಿ ಮೇಲ್ಮುಖ. ನೀರಿನ ಮೇಲ್ಮೈಯಿಂದ ಕಚ್ಚಿಕೊಳ್ಳಲು ಹೇಳಿ ಮಾಡಿಸಿದ್ದು. ಸೊಳ್ಳೆಯ ಮರಿಗಳು ಉಸಿರಾಡಲು ಮೇಲ್ಮೈಗೇ ಬರುವುದರಿಂದ ಗಪ್ಪಿಯನ್ನು ಬಾವಿ, ತೊಟ್ಟಿಗಳಿಗೆ ಬಿಟ್ಟು ಸೊಳ್ಳೆ ಹತೋಟಿಗೆ ಬಳಸುವುದುಂಟು. ಟೆಟ್ರಾ, ಬಾರ್ಬ್‌ಗಳ ಬಾಯಿ ನೇರ. ಇಳಿಯುತ್ತಿರುವ ಚೂರನ್ನು ನಡುನೀರಿನಲ್ಲಿ ಹಿಡಿಯುತ್ತವೆ. ಕೋರಿಡೋರಾಸ್, ಲೋಚ್‌ಗಳ ಬಾಯಿ ಕೆಳಮುಖ, ಜೊತೆಗೆ ಮೀಸೆ. ತೇಲುವ ಚಕ್ಕೆ ಇವಕ್ಕೆ ಇದ್ದೂ ಇಲ್ಲದಂತೆ.

ಗೋಲ್ಡ್‌ಫಿಶ್ ತಿನ್ನುವುದನ್ನು ಗಾಜಿಗೆ ಮುಖವಿಟ್ಟು ನೋಡಬೇಕು. ಕಾಳನ್ನು ಬಾಯಿಗೆ ಎಳೆದುಕೊಳ್ಳುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಉಗಿಯುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ದವಡೆಯಲ್ಲಿ ಅದಕ್ಕೆ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಅಲ್ಲಿ ಅರೆಯುವಾಗ ಕಿವಿರಿನ ಸಂದಿನಿಂದ ಪುಡಿ ಹೊಗೆಯಂತೆ ಹೊರಬರುತ್ತದೆ. ಕಾಳು ಗಟ್ಟಿಯಾಗಿದ್ದಷ್ಟೂ, ಬಾಯಿಗಿಂತ ದೊಡ್ಡದಿದ್ದಷ್ಟೂ ಈ ಪುಡಿ ಜಾಸ್ತಿ. ಆಸ್ಕರ್‌ನಂಥ ದೊಡ್ಡ ಸಿಕ್ಲಿಡ್‌ಗಳು ಇನ್ನೂ ಒರಟು. ಹಾಕಿದ್ದೆಲ್ಲ ಕಣ್ಣೆದುರಿಗೆ ಖಾಲಿಯಾದರೂ ಅದರ ಒಂದು ಪಾಲು ಹೀಗೆ ನೇರವಾಗಿ ಫಿಲ್ಟರಿಗೆ ಹೋಗಿರುತ್ತದೆ. ಬಾಯಿಯ ಅಳತೆಗೆ ಹೊಂದುವ ಕಾಳು ಆರಿಸುವುದು, ಸಣ್ಣ ಮೀನಿಗೆ ಚಕ್ಕೆಯನ್ನು ಬೆರಳಲ್ಲಿ ಮುರಿದು ಹಾಕುವುದು ಇದಕ್ಕೆ ಮದ್ದು. ಆದರೆ ಚಕ್ಕೆಯನ್ನು ಹುಡಿ ಮಾಡಿಬಿಟ್ಟರೆ ಹುಡಿಯನ್ನು ಬೆಳೆದ ಮೀನುಗಳು ತಿನ್ನುವುದಿಲ್ಲ. ಡಬ್ಬಿಯ ತಳದಲ್ಲಿ ಉಳಿಯುವ ಪುಡಿಯನ್ನು ಮರಿಗಳಿಗೆ ಇಟ್ಟುಕೊಳ್ಳುವುದು ಲೇಸು.

ಗೋಲ್ಡ್‌ಫಿಶ್, ಜೀಬ್ರಾ ಮೀನು ಮೊದಲಾದ ಕಾರ್ಪ್ ಬಳಗದವಕ್ಕೆ, ಗಪ್ಪಿ ಮೊಲ್ಲಿಗಳಿಗೂ, ನಿಜವಾದ ಜಠರವೇ ಇಲ್ಲ. ಆಹಾರ ಗಂಟಲಿನಿಂದ ಸೀದಾ ಕರುಳಿಗೆ. ಕೂಡಿಡುವ ಜಾಗವಿಲ್ಲದ ಕಾರಣ ಇವು ಸ್ವಭಾವತಃ ದಿನವಿಡೀ ಅಷ್ಟಷ್ಟೇ ಮೆಲ್ಲುವ ಮೀನುಗಳು. ಒಮ್ಮೆಗೇ ಹೆಚ್ಚು ಸಿಕ್ಕಿದರೆ ಹಿಂದಿನದನ್ನು ಪೂರ್ತಿ ಅರಗಿಸದೆ ಮುಂದೆ ತಳ್ಳುತ್ತವೆ. ಅರೆಬರೆ ಅರಗಿದ್ದು ಮಲವಾಗಿ ಬೀಳುತ್ತದೆ. ದಿನಕ್ಕೆ ಹಾಕುವ ಅಷ್ಟನ್ನೇ ಎರಡು ಮೂರು ಪಾಲು ಮಾಡಿದರೆ ಅದೇ ಆಹಾರದಿಂದ ಮೀನಿಗೆ ದಕ್ಕುವುದು ಹೆಚ್ಚುತ್ತದೆ. ಇದಕ್ಕೆ ತದ್ವಿರುದ್ಧ ಅರೋವಾನ, ಆಸ್ಕರ್‌ಗಳಂಥ ಬೇಟೆಗಾರರು. ಹಿಗ್ಗುವ ಜಠರವಿದೆ, ಬೆಳೆದವಕ್ಕೆ ದಿನ ಬಿಟ್ಟು ದಿನ ಹಾಕಿದರೂ ಕೊರತೆಯಿಲ್ಲ. ‘ದಿನಕ್ಕೆ ಎರಡು ಹೊತ್ತು’ ಎಂದು ಡಬ್ಬಿಗಳ ಮೇಲೆ ಅಚ್ಚಾಗುವ ಸೂಚನೆ ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎಷ್ಟು ಹಾಕಬೇಕು

ಮೀನು ಮೈ ಬಿಸಿಯಿಡಲು ಶಕ್ತಿ ಖರ್ಚು ಮಾಡುವುದಿಲ್ಲ. ನೀರು ಭಾರವನ್ನು ಹೊರುತ್ತದೆ. ಆದ್ದರಿಂದ ಅಷ್ಟೇ ತೂಕದ ಹಕ್ಕಿಗೋ ಇಲಿಗೋ ಬೇಕಾಗುವುದರ ಸಣ್ಣ ಪಾಲು ಅದಕ್ಕೆ ಸಾಕು. ಬೆಳೆದ ಅಲಂಕಾರಿಕ ಮೀನಿಗೆ ದಿನಕ್ಕೆ ಮೈತೂಕದ ಶೇ. 1ರಿಂದ 3ರಷ್ಟು ಒಣ ಆಹಾರ ಎಂಬುದು ಸಾಮಾನ್ಯ ಅಂದಾಜು. ಈ ಅಂಕಿ ಕಣ್ಣಿಗೆ ಕಟ್ಟಬೇಕಾದರೆ ನಿಯಾನ್ ಟೆಟ್ರಾದ ಉದಾಹರಣೆ ನೋಡಬೇಕು. ಒಂದರ ತೂಕ ಕಾಲು ಗ್ರಾಂ ಆಸುಪಾಸು. ಹತ್ತು ಮೀನಿಗೆ ಎರಡೂವರೆ ಗ್ರಾಂ. ಅದರ ಶೇ. 2 ಎಂದರೆ 50 ಮಿಲಿಗ್ರಾಂ. ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ಒಂದು ಗ್ರಾಂ ಚಕ್ಕೆ ತೂಗಿ, ಕಾಗದದ ಮೇಲೆ ಸುರಿದು, ಅದನ್ನು ಇಪ್ಪತ್ತು ಗುಡ್ಡೆ ಮಾಡಿದರೆ ಒಂದು ಗುಡ್ಡೆ ಆ ಹತ್ತು ಮೀನುಗಳ ಇಡೀ ದಿನದ ಊಟ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯುವ ‘ಒಂದು ಚಿಟಿಕೆ’ ಸುಲಭವಾಗಿ ಇದರ ಎರಡು ಮೂರರಷ್ಟಾದೀತು. ಒಮ್ಮೆ ಹೀಗೆ ತೂಗಿ ನೋಡಿದವರಿಗೆ ಮತ್ತೆ ತಕ್ಕಡಿ ಬೇಕಾಗುವುದಿಲ್ಲ, ಕೈಗೆ ಅಳತೆ ಕೂರುತ್ತದೆ.

ನೀರು ತಣ್ಣಗಾದರೆ ಈ ಪ್ರಮಾಣವೂ ಇಳಿಯಬೇಕು. ನೀರಿನ ಉಷ್ಣತೆ 10 ಡಿಗ್ರಿ ಇಳಿದರೆ ಮೀನಿನ ಮೈಯ ವ್ಯವಹಾರ ಸುಮಾರು ಅರ್ಧಕ್ಕೆ ಬರುತ್ತದೆ. ಹೀಟರ್ ಇಲ್ಲದ ತೊಟ್ಟಿಯಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಏಪ್ರಿಲ್ ತಿಂಗಳಷ್ಟೇ ಹಾಕಿದರೆ ತಿನ್ನದೆ ಬಿಡುವುದು ಸಹಜ.

ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ ಎಂಬ ಸೂತ್ರ ಜನಪ್ರಿಯ. ಮಿಕ್ಕಿ ಕೊಳೆಯುವುದನ್ನು ಅದು ತಪ್ಪಿಸುತ್ತದೆ ನಿಜ. ಆದರೆ ಹಸಿದ ಟೈಗರ್ ಬಾರ್ಬ್ ಗುಂಪು ಎರಡು ನಿಮಿಷದಲ್ಲಿ ತಿನ್ನಬಲ್ಲದ್ದು ಅದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಕಾಡಿನ ಹೊಳೆಯಲ್ಲಿ ಸಿಕ್ಕಿದಾಗ ತಿನ್ನುವುದು, ಇಲ್ಲದಾಗ ಇರುವುದು ಅವುಗಳ ಬಾಳು; ಸಾಕು ಎನ್ನುವ ಅಭ್ಯಾಸ ಅವಕ್ಕಿಲ್ಲ. ಜನ ಹತ್ತಿರ ಬಂದೊಡನೆ ಗಾಜಿನ ಬಳಿ ಮುಗಿಬೀಳುವುದನ್ನೂ ಹಸಿವೆಂದು ಓದಬಾರದು. ಮೀನು ಆಹಾರ ಬರುವ ಹೊತ್ತನ್ನೂ ಜಾಗವನ್ನೂ ಚೆನ್ನಾಗಿ ಕಲಿಯುತ್ತದೆ. ಸನ್ನೆಕೋಲು ಒತ್ತಿ ಆಹಾರ ಪಡೆಯುವುದನ್ನು ಗೋಲ್ಡ್‌ಫಿಶ್‌ಗೆ ಪ್ರಯೋಗಾಲಯಗಳಲ್ಲಿ ಕಲಿಸಿದ್ದಾರೆ. ಅದರ ನೆನಪು ಮೂರೇ ಸೆಕೆಂಡು ಎಂಬುದು ಬರಿಯ ಕಟ್ಟುಕಥೆ. ಅಡುಗೆಮನೆಯಿಂದ ಅಜ್ಜಿ ಬಂದರೂ, ಸ್ಕೂಲಿನಿಂದ ಮೊಮ್ಮಗ ಬಂದರೂ, ಆಫೀಸಿನಿಂದ ಮಗ ಬಂದರೂ ಅದು ಅದೇ ಕುಣಿತ ಕುಣಿಯುತ್ತದೆ, ಮೂವರೂ ಹಾಕುತ್ತಾರೆ. ತುಂಬು ಮನೆಗಳಲ್ಲಿ ಅತಿಯಾಗಿ ತಿನ್ನಿಸುವುದಕ್ಕೆ ಸಾಮಾನ್ಯ ಕಾರಣ ಇದು. ಬೆಳಗ್ಗೆಯೇ ಆ ದಿನದ ಪಾಲನ್ನು ಚಿಕ್ಕ ಭರಣಿಯಲ್ಲಿ ತೆಗೆದಿಟ್ಟು, ಭರಣಿ ಖಾಲಿಯಾಗಿದ್ದರೆ ಮೀನಿನ ಊಟ ಆಯಿತೆಂದು ತಿಳಿಯುವ ಏರ್ಪಾಡು ಯಾವ ಸೂತ್ರಕ್ಕಿಂತಲೂ ಚೆನ್ನಾಗಿ ನಡೆಯುತ್ತದೆ.

ಎಲ್ಲರಿಗೂ ಮುಟ್ಟಿಸುವುದು

ಹಲವು ಜಾತಿಗಳಿರುವ ತೊಟ್ಟಿಯಲ್ಲಿ ಪೋಲು ಮತ್ತು ಹಸಿವು ಒಟ್ಟಿಗೇ ಇರುತ್ತವೆ. ಚುರುಕಿನ ಬಾರ್ಬ್‌ಗಳು ಮೂರು ಪಾಲು ತಿನ್ನುತ್ತವೆ, ಫೈಟರ್ ತಿರುಗಿ ನೋಡುವಷ್ಟರಲ್ಲಿ ಮುಗಿದಿರುತ್ತದೆ. ಹಿಂದುಳಿದವಕ್ಕೂ ಸಿಗಲೆಂದು ಇನ್ನಷ್ಟು ಸುರಿಯುವುದೇ ಸಾಮಾನ್ಯವಾಗಿ ಮಾಡುವ ಕೆಲಸ. ಬದಲಿಗೆ ಚುರುಕಿನವನ್ನು ಒಂದು ಮೂಲೆಯಲ್ಲಿ ತೇಲುವ ಚಕ್ಕೆಯಿಂದ ಸೆಳೆದು, ಇನ್ನೊಂದು ಮೂಲೆಯಲ್ಲಿ ಮುಳುಗುವ ಕಾಳು ಬಿಡಬಹುದು. ಚಕ್ಕೆ ಅತ್ತಿತ್ತ ಹರಿದು ಫಿಲ್ಟರಿನ ಬಾಯಿಗೆ ಹೋಗದಂತೆ ತೇಲುವ ಪ್ಲಾಸ್ಟಿಕ್ ಬಳೆ ಇಡುವುದುಂಟು. ಆಹಾರದ ಹೊತ್ತಿಗೆ ಪಂಪ್ ನಿಲ್ಲಿಸಿದರೂ ಆದೀತು, ಅದನ್ನು ಮತ್ತೆ ಚಾಲೂ ಮಾಡುವುದನ್ನು ಮರೆಯಬಾರದು ಅಷ್ಟೇ. ಕೂಲಿ ಲೋಚ್, ಹಲವು ಬಗೆಯ ಕ್ಯಾಟ್‌ಫಿಶ್‌ಗಳು ರಾತ್ರಿಯವು. ದೀಪ ಆರಿಸಿದ ಮೇಲೆ ಮುಳುಗುವ ಬಿಲ್ಲೆ ಹಾಕಿದರೆ ಹಗಲಿನವರ ಕಾಟವಿಲ್ಲದೆ ತಿನ್ನುತ್ತವೆ.

ಅಂಗಡಿಗಳಲ್ಲಿ ‘ಟ್ಯಾಂಕ್ ಕ್ಲೀನರ್’ ಎಂದು ಮಾರುವ ಸಕ್ಕರ್ ಮೀನು ಉಳಿದದ್ದನ್ನೆಲ್ಲ ತಿಂದು ಸ್ವಚ್ಛ ಮಾಡುತ್ತದೆ ಎಂಬುದು ಗಟ್ಟಿಯಾಗಿ ಬೇರೂರಿದ ತಪ್ಪು. ಅದು ತಿಂದದ್ದೂ ಅದೇ ಅಮೋನಿಯವಾಗಿ ಹೊರಬರುತ್ತದೆ. ಒಂದು ಅಡಿಗಿಂತ ದೊಡ್ಡದಾಗಿ ಬೆಳೆಯುವ ಈ ದಕ್ಷಿಣ ಅಮೆರಿಕದ ಮೀನು ದಿನವೂ ರಾಶಿ ಹಿಕ್ಕೆ ಹಾಕುತ್ತದೆ; ಜಾಗ ಸಾಲದೆ ಜನ ಕೆರೆಗೆ ಬಿಟ್ಟು, ಈಗ ಭಾರತದ ಹಲವು ರಾಜ್ಯಗಳ ಕೆರೆ ನದಿಗಳಲ್ಲಿ ಅದು ಮೀನುಗಾರರ ಬಲೆ ಹರಿಯುವ ಪಿಡುಗಾಗಿದೆ.

ಬಗೆಗಳು, ಕಾಪಿಡುವುದು

ಚಕ್ಕೆಯನ್ನು ತೆಳು ಹಿಟ್ಟಿನಂಥ ಮಿಶ್ರಣವನ್ನು ಕಾದ ಉರುಳೆಯ ಮೇಲೆ ಹರಡಿ, ಒಣಗಿದ ಪೊರೆಯನ್ನು ಕೆರೆದು ಮಾಡುತ್ತಾರೆ. ಮೇಲ್ಮೈ ದೊಡ್ಡದಾದ್ದರಿಂದ ನೀರಿಗೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಅದರ ಜೀವಸತ್ವಗಳು ಕರಗಿಹೋಗತೊಡಗುತ್ತವೆ. ಒತ್ತಡದಲ್ಲಿ ಬೇಯಿಸಿ ಉಬ್ಬಿಸಿದ ಪೆಲೆಟ್ ಗಟ್ಟಿ, ಹೆಚ್ಚು ಹೊತ್ತು ತಾಳುತ್ತದೆ. ಎಣಿಸಿ ಹಾಕಲೂ ಬರುತ್ತದೆ. ಪೋಲು ತಪ್ಪಿಸುವ ದೃಷ್ಟಿಯಿಂದ ಸಣ್ಣ ಪೆಲೆಟ್ಟೇ ಮೇಲು. ಪ್ರೋಟೀನಿನ ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದೆಂದೇನೂ ಇಲ್ಲ: ಗೋಲ್ಡ್‌ಫಿಶ್‌ಗೆ ಶೇ. 30ರ ಸುಮಾರು, ಗಪ್ಪಿಗೆ 30ರಿಂದ 40, ಡಿಸ್ಕಸ್‌ಗೆ 45ರಿಂದ 50 ಬೇಕು. ಡಿಸ್ಕಸ್ ಆಹಾರವನ್ನು ಗೋಲ್ಡ್‌ಫಿಶ್‌ಗೆ ಹಾಕಿದರೆ ಹೆಚ್ಚುವರಿ ಪ್ರೋಟೀನು ಉರಿದು ಅಮೋನಿಯವಾಗುತ್ತದೆ, ದುಡ್ಡೂ ಹೆಚ್ಚು.

ಜೀವಂತ ಆಹಾರಗಳಲ್ಲಿ ಟ್ಯೂಬಿಫೆಕ್ಸ್ ಹುಳು, ಸೊಳ್ಳೆ ಮರಿ, ನೀರುಚಿಗಟಗಳು ಮುಖ್ಯ. ಟ್ಯೂಬಿಫೆಕ್ಸ್ ಚರಂಡಿ ಕೆಸರಿನಲ್ಲಿ ಬೆಳೆಯುವುದರಿಂದ ಸಣ್ಣ ಧಾರೆಯ ನೀರಿನಲ್ಲಿ ಚೆನ್ನಾಗಿ ತೊಳೆಯದೆ ಹಾಕಬಾರದು. ಮಿಕ್ಕವು ಮರಳಿಗೆ ಇಳಿದರೆ ಹುಡುಕಿ ತೆಗೆಯಲಾಗದು. ಒಣಗಿಸಿದ ಟ್ಯೂಬಿಫೆಕ್ಸ್ ಗಟ್ಟಿಯನ್ನು ಗಾಜಿಗೆ ಒತ್ತಿ ಅಂಟಿಸಿದರೆ ಮೀನುಗಳು ಕಿತ್ತು ತಿನ್ನುತ್ತವೆ, ಉಳಿದದ್ದನ್ನು ಎತ್ತಲೂ ಸುಲಭ. ಅಡುಗೆಮನೆಯಿಂದ ಬೇಯಿಸಿದ ಬಟಾಣಿ, ಪಾಲಕ್, ಸೌತೆಕಾಯಿ ಹೋಳು ಆಗಬಹುದು. ಸೌತೆ ಹೋಳನ್ನು ಸಂಜೆ ಇಟ್ಟು ಬೆಳಗ್ಗೆ ತೆಗೆಯಬೇಕು.

ಆಹಾರ ತೊಟ್ಟಿಗೆ ಬೀಳುವ ಮೊದಲೇ ಡಬ್ಬಿಯಲ್ಲಿ ಪೋಲಾಗುವುದೂ ಕಡಿಮೆಯಲ್ಲ. ತೊಟ್ಟಿಯ ಮುಚ್ಚಳದ ಮೇಲಿನ ಜಾಗ ಬೆಚ್ಚಗೆ, ತೇವವಾಗಿರುತ್ತದೆ. ಹೆಚ್ಚಿನವರು ಡಬ್ಬಿ ಇಡುವುದು ಅಲ್ಲೇ. ಡಬ್ಬಿಯನ್ನು ನೀರಿನ ಮೇಲೆ ಬಗ್ಗಿಸಿ ತಟ್ಟುವುದರಿಂದಲೂ ಆವಿ ಒಳಗೆ ಸೇರುತ್ತದೆ. ಕೊಬ್ಬು ಗಾಳಿಗೆ ಕೆಟ್ಟು ಕಮಟು ವಾಸನೆ ಬರುತ್ತದೆ, ಸಿ ಜೀವಸತ್ವ ಬೇಗ ನಶಿಸುತ್ತದೆ, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒಂದೆರಡು ತಿಂಗಳಿಗಾಗುವಷ್ಟನ್ನು ಹೊರಗಿಟ್ಟು ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಇಡಬೇಕು. ತಾರೀಕಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಯಾಗಿ ಕಟ್ಟಿಕೊಡುವ ಆಹಾರ ಅಗ್ಗವೆನಿಸಿದರೂ ಅದರ ವಯಸ್ಸು ಯಾರಿಗೂ ಗೊತ್ತಿರುವುದಿಲ್ಲ.

ಮರಿಗಳು

ಮಿತವಾಗಿ ಹಾಕಿ ಎಂಬ ಮಾತು ಮರಿಗಳಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಅವಕ್ಕೆ ಮೈತೂಕದ ಶೇ. 10ರ ಆಸುಪಾಸು, ದಿನಕ್ಕೆ ನಾಲ್ಕೈದು ಸಲ ಬೇಕು. ಉಪ್ಪುನೀರಿನ ಸಣ್ಣ ಜೀವಿಯಾದ ಆರ್ಟೀಮಿಯದ ಆಗತಾನೆ ಒಡೆದ ಮರಿಗಳು ಶ್ರೇಷ್ಠ. ಮೀನು ಮರಿಗಳಿಗೆ ಅವನ್ನು ಬಳಸಬಹುದೆಂದು 1930ರ ದಶಕದಲ್ಲಿ ಅಮೆರಿಕ, ನಾರ್ವೆಗಳಲ್ಲಿ ತೋರಿಸಲಾಯಿತು. ಲೀಟರಿಗೆ 25ರಿಂದ 30 ಗ್ರಾಂ ಉಪ್ಪಿರುವ, 28 ಡಿಗ್ರಿಯ ನೀರಿನಲ್ಲಿ ಗಾಳಿಯಾಡಿಸಿದರೆ ಅದರ ಒಣ ಮೊಟ್ಟೆ 24ರಿಂದ 36 ಗಂಟೆಯೊಳಗೆ ಒಡೆಯುತ್ತದೆ. ಮೊಟ್ಟೆಯ ಭಂಡಾರ ಕರಗುತ್ತ ಹೋಗುವುದರಿಂದ ಆ ದಿನವೇ ತಿನ್ನಿಸಬೇಕು. ಸಿಹಿನೀರಿನಲ್ಲಿ ಅವು ಕೆಲವೇ ಗಂಟೆ ಬದುಕುತ್ತವೆ. ತಿಂದ ಮೀನು ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತುಂಬಿದ್ದು ಹೊರಗಿನಿಂದಲೇ ಕಾಣುತ್ತದೆ. ಅದು ಕಂಡಾಗ ನಿಲ್ಲಿಸಬೇಕು. ಹೀಗೆ ಧಾರಾಳವಾಗಿ ಹಾಕುವ ತೊಟ್ಟಿಯ ತಳವನ್ನು ಮರಳಿಲ್ಲದೆ ಬರಿದಾಗಿ ಇಟ್ಟು, ದಿನವೂ ಸಣ್ಣ ಪೈಪಿನಿಂದ ಎಳೆದು ಸ್ವಚ್ಛ ಮಾಡುವುದು ಸಾಕಣೆದಾರರ ಪದ್ಧತಿ.

ಹೆಚ್ಚಾದದ್ದರ ಗುರುತುಗಳು

ಗಾಜಿನ ಮೇಲೆ ಬಸವನಹುಳುಗಳು ದಿಢೀರನೆ ಹೆಚ್ಚುವುದು, ಬಿಳಿ ನೂಲಿನಂಥ ಹುಳುಗಳು ಮರಳಿನಿಂದ ಮೇಲೆ ಬರುವುದು, ನೀರಿನ ಮೇಲೆ ಎಣ್ಣೆಯಂಥ ಪೊರೆ, ಮರಳು ಕೆದಕಿದರೆ ಏಳುವ ಕಂದು ಮೋಡ. ಬಸವನಹುಳುವಿಗೆ ಔಷಧ ಹುಡುಕುವವರು ಬಹಳ. ಎರಡು ವಾರ ಆಹಾರ ಅರ್ಧ ಮಾಡಿದರೆ ಅದರ ಸಂತತಿ ತಾನೇ ಇಳಿಯತೊಡಗುತ್ತದೆ. ಮೀನಿನ ಮೈಮೇಲೆ ಗುರುತುಗಳು ತಡವಾಗಿ ಬರುತ್ತವೆ: ಉಬ್ಬಿದ ಹೊಟ್ಟೆ, ಯಕೃತ್ತಿನಲ್ಲಿ ಕೊಬ್ಬು.

ಊರಿಗೆ ಹೋದಾಗ

ಬೆಳೆದ, ಆರೋಗ್ಯವಾಗಿರುವ ಮೀನು ಒಂದು ವಾರ ಏನೂ ಇಲ್ಲದೆ ಇರಬಲ್ಲದು. ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೊರಟವರು ಹೆಚ್ಚುವರಿ ಹಾಕಿ ಹೋಗುವುದಕ್ಕಿಂತ ಹೋಗುವ ಮುನ್ನ ನೀರು ಬದಲಿಸಿ ಹೋಗುವುದು ಉತ್ತಮ. ರಜೆಗೆಂದು ಮಾರುವ ಬಿಳಿ ಗಟ್ಟಿಗಳಲ್ಲಿ ಹೆಚ್ಚಿನ ಪಾಲು ಸುಣ್ಣದ ಲವಣ. ನಡುವೆ ಇರುವ ಆಹಾರ ಸ್ವಲ್ಪ, ಅದೂ ಮೀನು ತಿಂದಷ್ಟೇ ಕರಗುತ್ತದೆಂಬ ಭರವಸೆ ಇಲ್ಲ. ಹತ್ತು ದಿನ ಮೀರಿದರೆ ಸ್ವಯಂಚಾಲಿತ ಫೀಡರ್ ಬಳಸಬಹುದು, ಆದರೆ ಹೊರಡುವ ವಾರಕ್ಕೆ ಮುಂಚೆಯೇ ಅದನ್ನು ಓಡಿಸಿ, ಒಂದು ಸುತ್ತಿಗೆ ಎಷ್ಟು ಬೀಳುತ್ತದೆ ಎಂದು ತಟ್ಟೆಯ ಮೇಲೆ ನೋಡಿಕೊಳ್ಳಬೇಕು. ಪಕ್ಕದ ಮನೆಯವರಿಗೆ ಒಪ್ಪಿಸುವುದಾದರೆ ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದು, ದೊಡ್ಡ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗುವುದು ವಾಡಿಕೆ.